ಅಡುಗೆ ಪುಸ್ತಕ ಮತ್ತು ಮನೆಯಡುಗೆ: ಲೋಕೋಪಕಾರದಿಂದ ಹೆಬ್ಬಾಳದವರೆಗೆ

ಅಡುಗೆಯ ಕ್ರಮವನ್ನು ಬರೆದಿಟ್ಟ ಗ್ರಂಥಕ್ಕೆ ಹಿಂದೆ ಸೂಪಶಾಸ್ತ್ರ, ಪಾಕಶಾಸ್ತ್ರ ಎಂಬ ಹೆಸರುಗಳಿದ್ದವು; ಈಗ ಅಡುಗೆ ಪುಸ್ತಕ ಎನ್ನುವುದು ವಾಡಿಕೆ. ಸೂಪ ಎಂದರೆ ತೊವ್ವೆ. ಬೇಯಿಸಿದ ಬೇಳೆಯ ಹೆಸರೇ ಇಡೀ ವಿದ್ಯೆಗೆ ನಿಂತಿತು. ಮನೆಯಡುಗೆ ಸಾಮಾನ್ಯವಾಗಿ ಪುಸ್ತಕದಿಂದ ಬರುವುದಲ್ಲ. ಅಜ್ಜಿಯ, ಅಮ್ಮನ, ಅತ್ತೆಯ ಕೈ ನೋಡಿ ಕಲಿಯುವುದು ಅದರ ರೀತಿ. ದಿನವೂ ಮಾಡುವ ಸಾರನ್ನು ಯಾರೂ ಬರೆದಿಡುವುದಿಲ್ಲ. ಹೊರಗಿನ ಪದಾರ್ಥವೊಂದು ಒಲೆಯ ಮೇಲೆ ಬಂದಾಗ, ಇಲ್ಲವೇ ಮನೆಯವರು ಊರು ಬಿಟ್ಟು ಹೊರಟಾಗ ಪುಸ್ತಕದ ಅಗತ್ಯ ಬೀಳುತ್ತದೆ. ಕರ್ನಾಟಕದಲ್ಲಿ ಅಡುಗೆಯ ಬರಹ ಸಾವಿರ ವರ್ಷ ನಡೆದು ಬಂದ ದಾರಿಯಲ್ಲಿ ಈ ಎರಡು ಸಂದರ್ಭಗಳು ಮತ್ತೆ ಮತ್ತೆ ಕಾಣುತ್ತವೆ.

ಕನ್ನಡದಲ್ಲಿ ತಿನಿಸುಗಳ ಹೆಸರು ಬಹಳ ಹಿಂದಿನಿಂದ ಸಿಗುತ್ತದೆ. ಸುಮಾರು ಕ್ರಿ.ಶ. 920ರದೆಂದು ಹೇಳಲಾಗುವ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಉಲ್ಲೇಖವಿದೆ. ಆದರೆ ಹೆಸರು ಹೇಳುವುದು ಬೇರೆ, ಮಾಡುವ ಬಗೆ ಹೇಳುವುದು ಬೇರೆ. ಎರಡನೆಯದು ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಆಗುತ್ತದೆ. ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ ರಚಿತವಾದ ಈ ಕೃತಿ ಜನಸಾಮಾನ್ಯರ ಬದುಕಿಗೆ ಬೇಕಾದುದನ್ನೆಲ್ಲ ಒಂದೆಡೆ ಕೂಡಿಸುವ ಪ್ರಯತ್ನ. ವಾಸ್ತು, ಅಂತರ್ಜಲ ಪತ್ತೆ, ವೃಕ್ಷಾಯುರ್ವೇದ, ಸುಗಂಧ ತಯಾರಿಕೆ, ದನಕರುಗಳ ಚಿಕಿತ್ಸೆಗಳ ಜೊತೆಗೆ ಅಡುಗೆಗೂ ಅಲ್ಲಿ ಸ್ಥಾನವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಬೆರೆಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಿ ಇಡ್ಡಲಿಗೆ ಮಾಡುವ ಕ್ರಮ ಅದರಲ್ಲಿ ಬರುತ್ತದೆ. ಈಗಿನ ಇಡ್ಲಿಗೆ ಬೇಕಾದ ಅಕ್ಕಿ ಅಲ್ಲಿಲ್ಲ, ರಾತ್ರಿಯಿಡೀ ಹುಳಿ ಬರಿಸುವುದೂ ಇಲ್ಲ. ಹಬೆಯಲ್ಲಿ ಬೇಯಿಸುವ ಕ್ರಮ ಇಂಡೊನೇಷ್ಯದ ಕಡೆಯಿಂದ ಬಂದಿರಬಹುದೆಂದು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ ಊಹಿಸಿದ್ದರು. ಆ ಊಹೆಯನ್ನು ಎಲ್ಲರೂ ಒಪ್ಪಿಲ್ಲ. ಕನ್ನಡಿಗರು ತೀರಾ ತಮ್ಮದೆಂದುಕೊಂಡ ತಿಂಡಿಯ ಪಾಕವೂ ಕಾಲಕಾಲಕ್ಕೆ ಬದಲಾಗಿದೆ ಎಂಬುದಕ್ಕೆ ಈ ಒಂದು ವಿಧಾನವೇ ಸಾಕ್ಷಿ.

ಸುಮಾರು ನೂರು ವರ್ಷದ ಬಳಿಕ ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ಬರೆದ. ಅದರ ಅನ್ನಭೋಗ ಭಾಗದಲ್ಲಿ ದೋಸೆ, ವಡೆ, ಪೂರಿಗಳ ಪೂರ್ವರೂಪಗಳಿವೆ, ಮಾಂಸ ಮತ್ತು ಮೀನಿನ ಅಡುಗೆಗಳೂ ಬೇಕಾದಷ್ಟಿವೆ. ಅದು ಅರಮನೆಯ ಊಟ. ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡು ಇಡೀ ಕಾವ್ಯ ಬರೆದವನು ಕಲ್ಲಹಳ್ಳಿಯ ಪ್ರಭು, ಜೈನಕವಿ ಮೂರನೆಯ ಮಂಗರಸ. ಸುಮಾರು 1508ರ ಅವನ ಸೂಪಶಾಸ್ತ್ರ ವಾರ್ಧಕ ಷಟ್ಪದಿಯಲ್ಲಿದೆ. ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಬಾಳೆ, ಹಲಸು, ಕಳಲೆಯ ಪಲ್ಯ ಮೇಲೋಗರಗಳು ಒಂದಾದಮೇಲೊಂದು ಬರುತ್ತವೆ. ಛಂದಸ್ಸಿನಲ್ಲಿರುವುದರಿಂದ ಬಾಯಿಪಾಠಕ್ಕೆ ಅನುಕೂಲ. ಪುಸ್ತಕ ಬಿಡಿಸದೆ ಒಲೆಯ ಮುಂದೆ ನಿಲ್ಲಬಹುದಾಗಿದ್ದ ಅಡುಗೆ ಪುಸ್ತಕವಿದು. ಅದೇ ಕಾಲದ ಆಸುಪಾಸಿನಲ್ಲಿ ಮಾಳವದ ಮಾಂಡುವಿನಲ್ಲಿ ಸುಲ್ತಾನರಿಗಾಗಿ ನಿಮತ್‌ನಾಮಾ ಎಂಬ ಚಿತ್ರಸಹಿತ ಪಾಕಗ್ರಂಥ ಸಿದ್ಧವಾಯಿತು. ಅದಕ್ಕೆ ಕೆಲವು ದಶಕ ಮೊದಲು ಇಟಲಿಯಲ್ಲಿ ಪ್ಲಾಟಿನಾ ಎಂಬ ವಿದ್ವಾಂಸನ ಲ್ಯಾಟಿನ್ ಅಡುಗೆ ಪುಸ್ತಕ ಅಚ್ಚಾಗಿತ್ತು. ಕನ್ನಡದ ಪಾಕಕಾವ್ಯ ಜಗತ್ತಿನ ಓಟಕ್ಕಿಂತ ಹಿಂದೆ ಬಿದ್ದಿರಲಿಲ್ಲ. ಅಚ್ಚಿನ ಯಂತ್ರ ಮಾತ್ರ ಇಲ್ಲಿಗೆ ತಡವಾಗಿ ಬಂತು.

ಮಂಗರಸನ ಅಡುಗೆಮನೆಯಲ್ಲಿ ಏನಿಲ್ಲ ಎಂದು ನೋಡುವುದು ಏನಿದೆ ಎಂಬುದರಷ್ಟೇ ಮುಖ್ಯ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಅಲ್ಲಿಲ್ಲ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರ ಹಡಗುಗಳು ಪಶ್ಚಿಮ ಕರಾವಳಿಗೆ ಬಂದಮೇಲೆ ನಿಧಾನವಾಗಿ ಒಳನಾಡಿಗೆ ಹಬ್ಬಿದವು. ಹೊಸ ಕಾಯಿಗೆ ಜನ ಹಳೆಯ ಹೆಸರನ್ನೇ ಹಿಗ್ಗಿಸಿಕೊಂಡರು: ಖಾರಕ್ಕೆ ಅದುವರೆಗೆ ಮೆಣಸಿತ್ತು, ಹೊಸದು ಮೆಣಸಿನ ಕಾಯಿಯಾಯಿತು. ಆಲೂಗಡ್ಡೆ ಕರಾವಳಿಯಲ್ಲಿ ಪೋರ್ಚುಗೀಸ್ ಮಾತನ್ನೇ ಉಳಿಸಿಕೊಂಡು ಬಟಾಟೆಯಾಯಿತು. ಪಪಾಯ ಪರಂಗಿಯವರ ಹಣ್ಣಾಯಿತು. ಮುಂದೆ ಇಂಗ್ಲಿಷರ ಕಾಲದಲ್ಲಿ ‘ಸೀಮೆ’ ಎಂಬ ಮಾತು ಹೊರನಾಡಿನ ಗುರುತಾಗಿ ಅಂಟಿಕೊಂಡಿತು. ಲಾಲ್‌ಬಾಗಿನ ಮೂಲಕ ಹಬ್ಬಿದ ಮೆಕ್ಸಿಕೊ ಮೂಲದ ಬಳ್ಳಿಕಾಯಿ ಕನ್ನಡಿಗರಿಗೆ ಸೀಮೆಬದನೆ. ಅದೇ ಕಾಯಿಯನ್ನು ತಮಿಳರೂ ತೆಲುಗರೂ ‘ಬೆಂಗಳೂರು ಬದನೆ’ ಎಂಬರ್ಥದ ಹೆಸರಿಂದ ಕರೆಯುತ್ತಾರೆ. ಹೊರಗಿನಿಂದ ಬಂದದ್ದು ಒಂದೆರಡು ತಲೆಮಾರಿನಲ್ಲಿ ಬೆಂಗಳೂರಿನದೇ ಆಗಿಬಿಟ್ಟಿತು.

ರಾಗಿಯ ಕಥೆ ಇದಕ್ಕಿಂತ ಹಳೆಯದು. ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ ಮೊದಲು ಬೇಸಾಯಕ್ಕೆ ಒಳಗಾದ ಈ ಧಾನ್ಯ ಸಾವಿರಾರು ವರ್ಷ ಹಿಂದೆಯೇ ದಕ್ಷಿಣ ಭಾರತಕ್ಕೆ ಬಂದು ಯಲಹಂಕ ನಾಡಿನಂಥ ಕೆಂಪು ಮಣ್ಣಿನ ಒಣಭೂಮಿಗೆ ಒಗ್ಗಿತು. ಕನಕದಾಸರು ರಾಮಧಾನ್ಯಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ ರಾಗಿಯನ್ನು ಗೆಲ್ಲಿಸುವ ಹೊತ್ತಿಗೆ ಅದು ಇಲ್ಲಿನ ಬಡವರ ಧಾನ್ಯವಾಗಿ ಎಷ್ಟೋ ಕಾಲವಾಗಿತ್ತು. ಪಾಕಗ್ರಂಥಗಳು ಹೆಚ್ಚಾಗಿ ಅರಮನೆಯ ಮತ್ತು ಉಳ್ಳವರ ಊಟವನ್ನು ಬರೆದಿಟ್ಟವು. ಮುದ್ದೆ, ಉಪ್ಪುಸಾರು, ಬಸ್ಸಾರು, ಮಸ್ಸೊಪ್ಪು ಶತಮಾನಗಳ ಕಾಲ ಬರಹಕ್ಕೆ ಹೊರಗೇ ಉಳಿದವು. ಕನ್ನಡದ ಅಡುಗೆ ಬರಹದ ದೊಡ್ಡ ಕೊರತೆ ಇದು.

1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ನೆಲೆಗೊಂಡಮೇಲೆ ಬೇರೆ ಬಗೆಯ ಅಡುಗೆ ಪುಸ್ತಕ ಊರಿಗೆ ಬಂತು. ವೈವರ್ನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕರ್ನಲ್ ಕೆನಿ-ಹರ್ಬರ್ಟ್ 1878ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ ಪುಸ್ತಕ, ಅದರ ಬಳಿಕ ಬಂದ ಫ್ಲೋರಾ ಆನಿ ಸ್ಟೀಲ್ ಅವರ ಗೃಹನಿರ್ವಹಣೆಯ ಕೈಪಿಡಿ ಇಂಗ್ಲಿಷ್ ದೊರೆಸಾನಿಯರಿಗಾಗಿ ಬರೆದಂಥವು. ಓದುತ್ತಿದ್ದವರು ದೊರೆಸಾನಿಯರು, ಒಲೆಯ ಮುಂದೆ ನಿಲ್ಲುತ್ತಿದ್ದವರು ಸ್ಥಳೀಯ ಅಡುಗೆಯವರು. ಪುಸ್ತಕದ ಮಾತು ಬಾಯಿಂದ ಬಾಯಿಗೆ ದಾಟುವಾಗ ಕಟ್‌ಲೆಟ್, ಪುಡ್ಡಿಂಗ್, ಸ್ಟೂಗಳಿಗೆ ಇಲ್ಲಿನ ಮಸಾಲೆ ಬಿತ್ತು. ಆ ಮಿಶ್ರ ಅಡುಗೆಯನ್ನು ಮುಂದೆ ಆಂಗ್ಲೊ-ಇಂಡಿಯನ್ ಕುಟುಂಬಗಳು ತಮ್ಮ ಮನೆಯಡುಗೆಯಾಗಿ ಉಳಿಸಿಕೊಂಡವು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ನೆಲೆಸಿದ ಬ್ರಿಜೆಟ್ ವೈಟ್-ಕುಮಾರ್ ಇದರ ಬಗ್ಗೆ ಸರಣಿ ಪುಸ್ತಕಗಳನ್ನೇ ಬರೆದಿದ್ದಾರೆ.

ಪೇಟೆಯ ಕಡೆ ಬೇಕಿಂಗ್ ವಿದ್ಯೆ ಬೇರೆ ದಾರಿ ಹಿಡಿಯಿತು. ಹಾಸನ ಸೀಮೆಯಿಂದ ಬಂದ ಅಯ್ಯಂಗಾರ್ ಸೋದರರು 19ನೆಯ ಶತಮಾನದ ಕೊನೆಯಲ್ಲಿ ಆರಂಭಿಸಿದ ಬಿ.ಬಿ. ಬೇಕರಿಯಿಂದ ಅಯ್ಯಂಗಾರ್ ಬೇಕರಿಗಳ ಪರಂಪರೆ ಶುರುವಾಯಿತೆಂದು ಹೇಳುವುದುಂಟು. ಮೊಟ್ಟೆ ಮುಟ್ಟದ ಬ್ರೆಡ್ಡು, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಕಲಸಿದ ಖಾರಾ ಬನ್ನು, ಕೊಬ್ಬರಿ ತುಂಬಿದ ದಿಲ್‌ಪಸಂದ್ ಯಾವ ಯುರೋಪಿನ ಪುಸ್ತಕದಲ್ಲೂ ಇರಲಿಲ್ಲ. ಮಡಿಯ ಮನೆಗಳ ಒಳಗೆ ಬನ್ನು ಕಾಲಿಟ್ಟದ್ದು ಈ ಬೇಕರಿಗಳ ಮೂಲಕ.

ಹೊರಗಿನ ಪಾಕವನ್ನು ಕನ್ನಡಕ್ಕೆ ತರುವಾಗ ತೊಡಕಾದದ್ದು ಅಳತೆ. ಅಮೆರಿಕದಲ್ಲಿ ಫ್ಯಾನಿ ಫಾರ್ಮರ್ 1896ರ ತಮ್ಮ ಪುಸ್ತಕದಲ್ಲಿ ಮಟ್ಟಸಮಾಡಿದ ಬಟ್ಟಲು, ಚಮಚಗಳ ಅಳತೆಯನ್ನು ಬಳಕೆಗೆ ತಂದರು. ಪಾಶ್ಚಾತ್ಯ ಅಡುಗೆ ಬರಹ ಅಲ್ಲಿಂದ ಲೆಕ್ಕದ ಭಾಷೆಯಾಯಿತು. ಮೈಸೂರು ಸೀಮೆಯ ಮನೆಗಳಲ್ಲಿ ಸೇರು, ಅಚ್ಚೇರು, ಪಾವು, ಚಟಾಕುಗಳಿದ್ದವು. ಅವುಗಳನ್ನು ಬಿಟ್ಟರೆ ಕೈಯೇ ಅಳತೆ: ಹಿಡಿ, ಚಿಟಿಕೆ, ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಅಡಿಕೆ ಗಾತ್ರದ ಬೆಲ್ಲ. 1956ರ ಕಾನೂನು ಗ್ರಾಂ, ಲೀಟರುಗಳನ್ನು ಅಂಗಡಿಗೆ ತಂದಿತು. ಅಡುಗೆಮನೆಯಲ್ಲಿ ಪಾವು ಇನ್ನೂ ಉಳಿದಿದೆ. ಅನ್ನಕ್ಕೆ ಅಕ್ಕಿ ಅಳೆಯಲು ಅದೇ ಬೇಕು.

ಅಳತೆಗಿಂತ ಆಳವಾದ ಮಾತು ‘ಹದ’. ಕನ್ನಡದ ಅಡುಗೆ ಬರಹ ನಿಮಿಷಗಳನ್ನು ಎಣಿಸುವುದಕ್ಕಿಂತ ಗುರುತುಗಳನ್ನು ಹೇಳುತ್ತದೆ. ಸಾರಿಗೆ ‘ಹಸಿ ವಾಸನೆ ಹೋಗುವವರೆಗೆ’, ರವೆಗೆ ‘ಘಮ ಬರುವವರೆಗೆ’, ಗೊಜ್ಜಿಗೆ ‘ಎಣ್ಣೆ ಬಿಡುವವರೆಗೆ’, ಸಕ್ಕರೆಗೆ ‘ಒಂದೆಳೆ ಪಾಕ ಬರುವವರೆಗೆ’. ಬೆರಳ ತುದಿಗಳ ನಡುವೆ ಪಾಕವನ್ನು ಒತ್ತಿ ಎಳೆದಾಗ ಒಂದು ನೂಲು ನಿಂತರೆ ಒಂದೆಳೆ. ಅದು ತಪ್ಪಿದರೆ ಮೈಸೂರು ಪಾಕು ಕಲ್ಲಾಗುತ್ತದೆ, ಇಲ್ಲವೇ ಹಲ್ವವಾಗುತ್ತದೆ. ಒಲೆ ಸೌದೆಯದೋ ಇದ್ದಿಲಿನದೋ ಆಗಿದ್ದಾಗ ನಿಮಿಷದ ಲೆಕ್ಕಕ್ಕೆ ಅರ್ಥವೇ ಇರಲಿಲ್ಲ. ಕಣ್ಣು, ಮೂಗು, ಬೆರಳನ್ನು ನಂಬುವ ಈ ಬರಹ ಲೆಕ್ಕದ ಬರಹಕ್ಕಿಂತ ಕಡಿಮೆಯದೆಂದು ತಿಳಿಯುವುದು ತಪ್ಪು. ಯಾವ ಒಲೆಗೂ, ಯಾವ ಪಾತ್ರೆಗೂ ಹೊಂದುವ ಸೂಚನೆ ಅದು.

ಮುದ್ರಿತ ಅಡುಗೆ ಬರಹ ಮನೆಮನೆಗೆ ತಲುಪಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಪತ್ರಿಕೆಗಳಿಂದ. ಆರ್. ಕಲ್ಯಾಣಮ್ಮ 1921ರಲ್ಲಿ ಬೆಂಗಳೂರಿನಿಂದ ಹೊರಡಿಸಿದ ‘ಸರಸ್ವತಿ’ ಹೆಂಗಸರಿಗಾಗಿ ಹೆಂಗಸರೇ ನಡೆಸಿದ ಆರಂಭದ ಪತ್ರಿಕೆಗಳಲ್ಲಿ ಒಂದು. 1965ರ ‘ಸುಧಾ’, 1983ರ ‘ತರಂಗ’ದಂಥ ವಾರಪತ್ರಿಕೆಗಳ ಹೊತ್ತಿಗೆ ಅಡುಗೆಯ ಪುಟ ಬಿಟ್ಟಿರಲಾಗದ ಅಂಗವಾಗಿತ್ತು. ಓದುಗರೇ ಕಳಿಸಿದ ವಿಧಾನಗಳು ಅಚ್ಚಾಗುತ್ತಿದ್ದವು. ಅವನ್ನು ಕತ್ತರಿಸಿ ಹಳೆಯ ನೋಟ್‌ಬುಕ್ಕಿಗೆ ಅಂಟಿಸುವುದು, ಪಕ್ಕದಲ್ಲಿ ‘ಉಪ್ಪು ಕಮ್ಮಿ ಸಾಕು’ ಎಂಬಂಥ ಒಂದು ಷರಾ ಬರೆಯುವುದು ಒಂದು ತಲೆಮಾರಿನ ರೂಢಿ. ಎಣ್ಣೆಯ ಕಲೆ ಬಿದ್ದ, ಅರಿಸಿನದ ಬೆರಳು ಮೂಡಿದ ಈ ನೋಟ್‌ಬುಕ್ಕುಗಳು ಗ್ರಂಥಾಲಯ ಸೇರಲಿಲ್ಲ. ಮಗಳ ಮದುವೆಯಾದಾಗ ಅವು ಮನೆ ದಾಟಿದವು. ಕನ್ನಡದ ನಿಜವಾದ ಅಡುಗೆ ಸಾಹಿತ್ಯದ ದೊಡ್ಡ ಪಾಲು ಅಲ್ಲಿದೆ.

ಉಪಕರಣಗಳೂ ಪುಸ್ತಕ ತಂದವು. 1959ರ ಸುಮಾರಿಗೆ ಭಾರತದಲ್ಲೇ ತಯಾರಾಗತೊಡಗಿದ ಪ್ರೆಶರ್ ಕುಕ್ಕರ್, 1960ರ ದಶಕದ ಮಿಕ್ಸಿ, ಆಮೇಲೆ ಮೈಕ್ರೊವೇವ್ ಒಲೆ, ಎಲ್ಲದರ ಡಬ್ಬದೊಳಗೂ ಅಡುಗೆಯ ಕಿರುಹೊತ್ತಗೆ ಇರುತ್ತಿತ್ತು. ಬೆಂಗಳೂರಿನದೇ ಆದ ಎಂ.ಟಿ.ಆರ್. ಹೋಟೆಲು 1970ರ ದಶಕದಲ್ಲಿ ಸಿದ್ಧ ಮಿಶ್ರಣಗಳತ್ತ ಹೊರಳಿದಮೇಲೆ ಪೊಟ್ಟಣದ ಬೆನ್ನೇ ಅಡುಗೆ ಪುಸ್ತಕವಾಯಿತು. ಇದೇ ದಶಕದಲ್ಲಿ, 1974ರಲ್ಲಿ, ತರಲಾ ದಲಾಲ್ ಅವರ ಮೊದಲ ಪುಸ್ತಕ ಮುಂಬಯಿಯಿಂದ ಬಂತು. ಇಟಲಿ, ಮೆಕ್ಸಿಕೊ, ಚೀನದ ಅಡುಗೆಗಳನ್ನು ಸಸ್ಯಾಹಾರಿ ಮನೆಗೆ ಒಗ್ಗಿಸಿ, ಭಾರತದ ಅಂಗಡಿಗಳಲ್ಲಿ ಸಿಗುವ ಪದಾರ್ಥಗಳಿಂದಲೇ ಮಾಡುವ ದಾರಿಯನ್ನು ಅವರು ತೋರಿದರು. ಲೋಕದ ಅಡುಗೆ ಕನ್ನಡದ ಮಧ್ಯಮವರ್ಗದ ಮನೆಗೆ ಬಂದದ್ದರಲ್ಲಿ ಅವರ ಪಾಲು ಯಾವ ಹೋಟೆಲಿನ ಪಾಲಿಗಿಂತಲೂ ಕಡಿಮೆಯಿಲ್ಲ.

ಆ ಕಾಲದ ಹೆಚ್ಚಿನ ಮನೆಗಳಲ್ಲಿ ಓವನ್ ಇರಲಿಲ್ಲ, ಆದರೂ ಕೇಕು ಆಗುತ್ತಿತ್ತು. ಕುಕ್ಕರಿನ ತಳಕ್ಕೆ ಜರಡಿ ಹಿಡಿದ ಮರಳನ್ನೋ ಕಲ್ಲುಪ್ಪನ್ನೋ ಒಂದು ಪದರ ಹರಡಿ, ಮೇಲೊಂದು ತಟ್ಟೆ ಬೋರಲಿಟ್ಟು, ಮುಚ್ಚಳದ ರಬ್ಬರನ್ನೂ ವೆಯ್ಟನ್ನೂ ತೆಗೆದು ಹತ್ತು ನಿಮಿಷ ಕಾಯಿಸುವುದು. ಮೈದಾ, ಬೆಣ್ಣೆ, ಮೊಟ್ಟೆಯ ಬದಲಿಗೆ ಗಟ್ಟಿಹಾಲಿನ ಡಬ್ಬಿ, ಸೋಡಾ, ಒಂದು ಹನಿ ವೆನಿಲಾ ಕಲಸಿದ ಹಿಟ್ಟನ್ನು ತುಪ್ಪ ಸವರಿದ ಅಲ್ಯುಮಿನಿಯಂ ಡಬ್ಬಿಗೆ ಸುರಿದು ಒಳಗಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡುವುದು. ಸ್ವೆಟರ್ ಹೆಣೆಯುವ ಕಡ್ಡಿಯನ್ನು ನಡುವೆ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಹದ ಬಂತು. ನೀರಿಲ್ಲದೆ ಕಾಯಿಸುವುದು ಕುಕ್ಕರಿಗೆ ಒಳ್ಳೆಯದಲ್ಲವೆಂದು ಗೊತ್ತಿದ್ದೂ ಹಳೆಯ ಕುಕ್ಕರನ್ನು ಇದಕ್ಕೆಂದೇ ಎತ್ತಿಡುತ್ತಿದ್ದರು. ಪಾಶ್ಚಾತ್ಯ ಪುಸ್ತಕದ ಓವನ್ ಉಷ್ಣಾಂಶ ಇಲ್ಲಿ ಮತ್ತೆ ಹದವಾಗಿ ಅನುವಾದಗೊಂಡಿತು.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಇತಿಹಾಸಕ್ಕೆ ವಿಶೇಷ ಸ್ಥಾನ ಬರುವುದು ಹೆಬ್ಬಾಳದಿಂದ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ಕೃಷಿ ಪ್ರಯೋಗಕ್ಕೆಂದು ಇಲ್ಲಿ 30 ಎಕರೆ ನೆಲ ಕೊಟ್ಟರು. ರಸಾಯನಶಾಸ್ತ್ರಜ್ಞ ಲೆಹ್ಮನ್, ಬಳಿಕ ಕೆನಡದಿಂದ ಬಂದ ಲೆಸ್ಲಿ ಕೋಲ್ಮನ್ ಕಟ್ಟಿದ ಆ ಕೆಲಸ ಕೃಷಿ ಶಾಲೆಯಾಗಿ, 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಅಡುಗೆಯ ಇತಿಹಾಸಕ್ಕೆ ಇದು ಹೊರಗಿನ ಸಂಗತಿಯಲ್ಲ. ತಳಿ ಬದಲಾದರೆ ಸಾರು ಬದಲಾಗುತ್ತದೆ. ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ. ಆದ್ದರಿಂದ ಹಿತಕಿದ ಬೇಳೆ ಹುಳಿ ಡಿಸೆಂಬರ್, ಜನವರಿಯ ಚಳಿಗೆ ಅಂಟಿಕೊಂಡಿತ್ತು. ವಿಶ್ವವಿದ್ಯಾನಿಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಅವರೆಕಾಳು ಈಗ ಬೇಸಿಗೆಯಲ್ಲೂ ಸಿಗುತ್ತದೆ. ಹೊಲದ ಹಳೆಯ ಅವರೆಯ ಸೊಗಡು ಮಾತ್ರ ಬೇರೆ ಎನ್ನುತ್ತಾ ಹಳಬರು ಇವತ್ತಿಗೂ ಕಾಯಿಯನ್ನು ಮೂಸಿ ನೋಡಿಯೇ ಕೊಳ್ಳುತ್ತಾರೆ.

ರಾಗಿಯಲ್ಲೂ ಹೀಗೇ ಆಯಿತು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯ ಮಂಡ್ಯದಲ್ಲಿ ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ತಂದರು. ಇಳುವರಿ ಏರಿತು, ಮುದ್ದೆಯ ಮನೆಗಳಿಗೆ ಹೊಟ್ಟೆ ತುಂಬ ರಾಗಿ ಸಿಕ್ಕಿತು. ಆಫ್ರಿಕದಿಂದ ಒಮ್ಮೆ ಬಂದ ಧಾನ್ಯಕ್ಕೆ ಆಫ್ರಿಕದ ಸಂಬಂಧ ಎರಡನೆಯ ಸಲ ಬೆಳೆಯಿತು.

ಹೆಬ್ಬಾಳದ ಆವರಣದಲ್ಲಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ದಶಕಗಳಿಂದ ನಡೆದುಬಂದಿದೆ. ಬೇಕರಿ ಹಾಕುವವರಿಗೆ ಕೆಲವು ವಾರಗಳ ಸರ್ಟಿಫಿಕೇಟ್ ತರಗತಿ, ಮನೆಯಲ್ಲಿ ಮಾಡಿಕೊಳ್ಳುವವರಿಗೆ ಅಲ್ಪಾವಧಿ ತರಗತಿಗಳು ಅದರ ಕೆಲಸ. ಈಸ್ಟು ಹೇಗೆ ಉಬ್ಬುತ್ತದೆ, ಮೈದಾದ ಅಂಟು ಯಾಕೆ ಬೇಕು, ರಾಗಿಯಲ್ಲಿ ಆ ಅಂಟಿಲ್ಲದ್ದರಿಂದ ಬ್ರೆಡ್ಡಿಗೆ ಅದನ್ನು ಗೋಧಿಯ ಜೊತೆ ಯಾಕೆ ಬೆರೆಸಬೇಕು ಎಂಬುದು ಅಲ್ಲಿ ಕಲಿಕೆಯ ವಿಷಯ. ಅಂಟು ಬೇಡದ ಬಿಸ್ಕತ್ತಿಗೆ ರಾಗಿ ಚೆನ್ನಾಗಿ ಒಗ್ಗುತ್ತದೆ. ಮೈಸೂರಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಜೊತೆಗೆ, ಅಡುಗೆಯನ್ನು ವಿಜ್ಞಾನವಾಗಿ ಮನೆಗೆ ಮುಟ್ಟಿಸಿದ ಸಂಸ್ಥೆಗಳಲ್ಲಿ ಹೆಬ್ಬಾಳವನ್ನು ಹೆಸರಿಸಲೇಬೇಕು. ಅಲ್ಲಿಂದ ದೂರವಿಲ್ಲದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅಣಬೆಯ ಬೀಜ ಮತ್ತು ತರಬೇತಿ ಕೊಟ್ಟು, ಪುಸ್ತಕದಲ್ಲಷ್ಟೇ ಓದಿದ್ದ ಅಣಬೆ ಸೂಪಿಗೆ ಅಣಬೆಯನ್ನೂ ಒದಗಿಸಿತು.

ಈ ಭಾಗದ ಊರುಗಳ ಜನವೈವಿಧ್ಯವೂ ಅಡುಗೆಯನ್ನು ಬೆರೆಸಿತು. ಯಲಹಂಕದ ವಾಯುಪಡೆ ನೆಲೆ ಮತ್ತು ರೈಲ್ವೆ ಗಾಲಿ ಕಾರ್ಖಾನೆ, ಜಾಲಹಳ್ಳಿಯ ಬಿ.ಇ.ಎಲ್. ಮತ್ತು ಎಚ್.ಎಂ.ಟಿ. ವಸತಿಗೃಹಗಳಲ್ಲಿ ಪಂಜಾಬಿನವರೂ ಬಂಗಾಳದವರೂ ಕೇರಳದವರೂ ಒಂದೇ ಗೋಡೆಯ ಆಚೆ ಈಚೆ ಇದ್ದರು. ಛೋಲೆ, ಅವಿಯಲ್, ಚಟ್ನಿಪುಡಿ ಬಟ್ಟಲುಗಳಲ್ಲಿ ಗೋಡೆ ದಾಟಿದವು. ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದೆಂಬ ನಿಯಮದಿಂದ ವಿನಿಮಯ ನಿಲ್ಲಲೇ ಇಲ್ಲ. ರವೀಂದ್ರನಾಥ ಠಾಗೋರರ ಹೆಸರಿನ ಆರ್.ಟಿ. ನಗರದಲ್ಲಿ ಉರ್ದು, ತಮಿಳು, ಮಲಯಾಳ ಮಾತನಾಡುವ ಮನೆಗಳ ನಡುವೆ ರಂಜಾನಿನ ಗಂಜಿಯೂ ಸಂಕ್ರಾಂತಿಯ ಎಳ್ಳೂ ಕೈ ಬದಲಾಯಿಸುತ್ತವೆ. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡು ಇದಕ್ಕೆಲ್ಲ ಉಗ್ರಾಣ: ಬ್ಯಾಡಗಿ ಮೆಣಸಿನಕಾಯಿ, ಮಂಡ್ಯದ ಬೆಲ್ಲ, ತೊಗರಿಬೇಳೆಯ ಮೂಟೆ ಬಿಚ್ಚುವ ಜಾಗ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಮೇಲೆ ಹೆಬ್ಬಾಳದ ಸುತ್ತ ಹೊರದೇಶಗಳಿಂದ ಮರಳಿದ ಕುಟುಂಬಗಳು ನೆಲೆಸಿದವು. ಆಲಿವ್ ಎಣ್ಣೆ, ಪಾಸ್ತಾ, ಸೋಯಾ ಸಾಸ್ ಬಡಾವಣೆಯ ದಿನಸಿ ಅಂಗಡಿಗಳ ಕಪಾಟಿಗೆ ಏರಿದವು. ಪಾಸ್ತಾಕ್ಕೆ ಸಾಸಿವೆ, ಕರಿಬೇವಿನ ಒಗ್ಗರಣೆ ಬಿದ್ದದ್ದು ಆಶ್ಚರ್ಯವಲ್ಲ. ಶಾವಿಗೆ ಉಪ್ಪಿಟ್ಟು ಮಾಡಿದ ಕೈಗೆ ಅದು ಪರಿಚಿತ ದಾರಿ. ಹೂಕೋಸಿನ ಗೋಬಿ ಮಂಚೂರಿಯಂತೂ ಚೀನದ ಹೆಸರು ಹೊತ್ತ ಭಾರತದ ಸೃಷ್ಟಿ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಮನೆಯಲ್ಲಿ ಮಾಡುವವರು ಕೆಂಪಿಗೆ ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ರುಬ್ಬಿ ಹಾಕಬಹುದು.

ಊರು ಬಿಟ್ಟವರ ಪುಸ್ತಕಗಳದು ಇನ್ನೊಂದು ಧಾರೆ. ಕೆನರಾ ಮೂಲದ ಸಾರಸ್ವತ ಹೆಂಗಸರು ಮುಂಬಯಿಯಲ್ಲಿ ನೆಲೆಸಿದಮೇಲೆ ಅವರ ಮಹಿಳಾ ಸಮಾಜದಿಂದ ‘ರಸಚಂದ್ರಿಕಾ’ ಬಂತು. ಮೂಲ ಮರಾಠಿಯಾದರೂ ಅದರ ಅಡುಗೆ ಉತ್ತರ ಕನ್ನಡ, ದಕ್ಷಿಣ ಕನ್ನಡಗಳದು. ತಮಿಳಿನ ಎಸ್. ಮೀನಾಕ್ಷಿ ಅಮ್ಮಾಳ್ ಅವರ 1951ರ ಪುಸ್ತಕವನ್ನು ಮದುವೆಯಾದ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ಇಟ್ಟು ಕಳಿಸುವುದು ರೂಢಿಯಾಗಿತ್ತು. ಬೆಂಗಳೂರಿನ ಅರ್ಚನಾ ಪಿಡತಲ 2016ರಲ್ಲಿ ತಾವೇ ಪ್ರಕಟಿಸಿದ ‘ಫೈವ್ ಮಾರ್ಸಲ್ಸ್ ಆಫ್ ಲವ್’ ಅವರ ಅಜ್ಜಿ ಜಿ. ನಿರ್ಮಲಾ ರೆಡ್ಡಿಯವರ 1974ರ ತೆಲುಗು ಅಡುಗೆ ಪುಸ್ತಕದಿಂದ ಹುಟ್ಟಿದ್ದು. ಅಜ್ಜಿಯ ಬರಹದಲ್ಲಿದ್ದ ಹಿಡಿ, ಚಿಟಿಕೆಗಳನ್ನು ಮೊಮ್ಮಗಳು ಮತ್ತೆ ಮತ್ತೆ ಮಾಡಿ ನೋಡಿ ಬಟ್ಟಲು, ಚಮಚಗಳಿಗೆ ತಂದರು. ಮೌಖಿಕ ಹದವನ್ನು ಬರಹದ ಅಳತೆಗೆ ತರುವುದಕ್ಕೆ ಎಷ್ಟು ದುಡಿಮೆ ಬೇಕೆಂಬುದಕ್ಕೆ ಆ ಪುಸ್ತಕ ಒಳ್ಳೆಯ ಮಾದರಿ. ಕನ್ನಡದ ನೋಟ್‌ಬುಕ್ಕುಗಳಿಗೆ ಇಂಥ ಕೆಲಸ ಇನ್ನೂ ಆಗಬೇಕಾಗಿದೆ.

ದೂರದರ್ಶನ ಮತ್ತು ಖಾಸಗಿ ವಾಹಿನಿಗಳು ಅಡುಗೆಯನ್ನು ಮತ್ತೆ ನೋಡಿ ಕಲಿಯುವ ವಿದ್ಯೆಯಾಗಿಸಿದವು. ಜೀ ಕನ್ನಡದ ‘ಒಗ್ಗರಣೆ ಡಬ್ಬಿ’, ನಟ ಸಿಹಿಕಹಿ ಚಂದ್ರು ನಡೆಸಿಕೊಟ್ಟ ‘ಬೊಂಬಾಟ್ ಭೋಜನ’ ಜನಪ್ರಿಯವಾದವು. ಈಗ ಮೊಬೈಲ್ ಫೋನಿನ ವಿಡಿಯೊಗಳಲ್ಲಿ ಬಸ್ಸಾರು, ಮಸ್ಸೊಪ್ಪು, ಮುದ್ದೆ ತಿರುವುವ ಬಗೆಗಳನ್ನು ಹಳ್ಳಿಯ ಹೆಂಗಸರೇ ತಮ್ಮ ಮಾತಿನಲ್ಲಿ ತೋರಿಸುತ್ತಾರೆ. ಸೂಪಶಾಸ್ತ್ರಗಳು ಬಿಟ್ಟಿದ್ದ ಊಟ ಈ ದಾರಿಯಲ್ಲಿ ದಾಖಲೆಗೆ ಬಂದಿದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ನವಣೆ, ಸಾಮೆ, ರಾಗಿಗಳ ಪುಸ್ತಕಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಚ್ಚಿದವು. ಮಂಗರಸನ ಸೂಪಶಾಸ್ತ್ರ 2012ರಲ್ಲಿ ಪರಂಪರೆ ಸಂರಕ್ಷಣೆಯ ಇಂಟ್ಯಾಕ್ ಸಂಸ್ಥೆಯಿಂದ ಇಂಗ್ಲಿಷ್ ಅನುವಾದದಲ್ಲಿ ಹೊರಬಂದಿದೆ. ಕನ್ನಡ ಬಾರದವರೂ ಮೆಣಸಿನಕಾಯಿ ಬರುವುದಕ್ಕೆ ಮುಂಚಿನ ಬದನೆಕಾಯಿ ಅಡುಗೆಯನ್ನು ಈಗ ತಮ್ಮ ಒಲೆಯ ಮೇಲೆ ಮಾಡಿ ನೋಡಬಹುದು.